ನೂಲು ಯಾಕೆ ಬಿಚ್ಚಿಕೊಂಡು ಬರಲ್ಲ? – ಒಂದು ಎಂ.ಟೆಕ್ ಪ್ರಶ್ನೆಯ ಇತಿಹಾಸ

ಹಾಕ್ಕೊಂಡಿರೋ ಅಂಗಿಯ ಅಂಚಿನಿಂದ ಒಂದು ನೂಲು ಕಿತ್ತು ನೋಡಿ. ಅದರ ಹುರಿಯನ್ನು ಬೆರಳಲ್ಲಿ ಉಲ್ಟಾ ತಿರುಗಿಸಿ ಬಿಚ್ಚಿದರೆ ಒಳಗೆ ಸಿಗೋದು ಒಂದು ಇಂಚು, ಹೆಚ್ಚೆಂದರೆ ಒಂದೂಕಾಲು ಇಂಚು ಉದ್ದದ ಹತ್ತಿಯ ಎಳೆಗಳು. ಅಂಟು ಇಲ್ಲ, ಗಂಟು ಇಲ್ಲ. ಒಂದರ ಪಕ್ಕ ಒಂದು ಸುಮ್ಮನೆ ಮಲಗಿವೆ. ಇಂಥ ಪುಟ್ಟ ಪುಟ್ಟ ಎಳೆಗಳಿಂದಾದ ನೂಲು ಕಿಲೋಮೀಟರುಗಟ್ಟಲೆ ಉದ್ದ ಇರುತ್ತೆ, ಜಗ್ಗಿದರೂ ಎಳೆಗಳು ಒಂದರಿಂದ ಒಂದು ಜಾರಿಕೊಂಡು ಬರಲ್ಲ. ಯಾಕೆ?

“ಹುರಿ ಹಾಕಿದಾರಲ್ಲ, ಅದಕ್ಕೆ” ಅನ್ನೋದು ಎಲ್ಲರಿಗೂ ಗೊತ್ತಿರೋ ಉತ್ತರ. ಬೆರಳಿಗೆ ಒಂಚೂರು ವಿಭೂತಿ ಹಚ್ಚಿಕೊಂಡು ದೀಪದ ಬತ್ತಿ ಹೊಸೆಯುವ ನಮ್ಮ ಅಜ್ಜಿಯರಿಗೆ ಗೊತ್ತು, ತಕಲಿ ತಿರುಗಿಸಿದವರಿಗೆ ಗೊತ್ತು, ಮಿಲ್ಲಿನಲ್ಲಿ ಕೆಲಸ ಮಾಡಿದವರಿಗೂ ಗೊತ್ತು. ಡಿಪ್ಲೊಮಾದಲ್ಲಿ, ಬಿ.ಇ.ಯಲ್ಲಿ ಈ ಉತ್ತರ ನಡೆಯುತ್ತೆ. ಆಮೇಲೆ ಯಂತ್ರ ಯಾವುದು, ಎಷ್ಟು ಸ್ಪೀಡು, ಇಂಚಿಗೆ ಎಷ್ಟು ಸುತ್ತು ಹುರಿ ಹಾಕಬೇಕು ಅಂತ ಮುಂದೆ ಹೋಗ್ತಾರೆ. ಎಂ.ಟೆಕ್ ಮಟ್ಟದಲ್ಲಿ ಮಾತ್ರ ಮತ್ತೆ ವಾಪಸ್ ಬಂದು ಕೇಳ್ತಾರೆ: ಸರಿ, ಹುರಿ ಇದೆ. ಹುರಿ ಇದ್ದರೆ ಯಾಕೆ ಹಿಡಿದುಕೊಳ್ಳಬೇಕು? ಲೆಕ್ಕ ಹಾಕಿ ತೋರಿಸಿ.

ಹಾಸ್ಟೆಲ್ಲಿನ ನನ್ನ ರೂಂಮೇಟ್ ಟೆಕ್ಸ್‌ಟೈಲ್ ಓದುತ್ತಿದ್ದ. “ಟೆಕ್ಸ್‌ಟೈಲಾ? ಟೈಲರಿಂಗಾ?” ಅಂತ ಕೀಟಲೆ ಮಾಡೋರು ಕಂಪ್ಯೂಟರ್ ಸೈನ್ಸಿನ ಹುಡುಗರು. ಅವನ ದಪ್ಪ ಪುಸ್ತಕಗಳನ್ನು ತಿರುವಿ ಹಾಕಿ ಶುರುವಾದ ಓದು ಇದು, ಆಮೇಲೆ ಕೆಲಸಕ್ಕೆ ಸೇರಿದ ಮೇಲೂ ಬಿಟ್ಟಿಲ್ಲ. ಬಟ್ಟೆ ಮಾಡೋ ವಿದ್ಯೆ ಸಾವಿರಾರು ವರ್ಷ ಹಳೆಯದು. ಆದರೆ ಆ ವಿದ್ಯೆಯ “ಮೂಲಭೂತ ಅಂಶಗಳು” ಅಂತ ಎಂ.ಟೆಕ್‌ನಲ್ಲಿ ಕಲಿಸೋ ವಿಷಯ ಇದೆಯಲ್ಲ, ಅದರ ಬಹುಪಾಲು ನಮ್ಮ ತಾತಂದಿರ ಕಾಲದ್ದು. ಬುಡ ಕೊನೆಗೆ ಬಂದದ್ದು, ಮರ ಮೊದಲು ಬೆಳೆದದ್ದು.

ಪ್ರಶ್ನೆಯನ್ನು ಅಚ್ಚಿನಲ್ಲಿ ಕೇಳಿದವರಲ್ಲಿ ದೊಡ್ಡ ಹೆಸರು ಗೆಲಿಲಿಯೋ. ಗೃಹಬಂಧನದಲ್ಲಿದ್ದಾಗ ಬರೆದ ಕೊನೆಯ ಪುಸ್ತಕ, ‘ಎರಡು ಹೊಸ ವಿಜ್ಞಾನಗಳು’, 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಅದರ ಮೊದಲ ದಿನದ ಸಂಭಾಷಣೆಯಲ್ಲೇ ಹಗ್ಗದ ಮಾತು ಬರುತ್ತೆ. ಎರಡು ಮೂರು ಮೊಳ ಉದ್ದದ ನಾರುಗಳು ಸೇರಿ ನೂರು ಮೊಳದ ಹಗ್ಗ ಹೇಗೆ ಆಗುತ್ತೆ, ಅದು ಅಷ್ಟು ಗಟ್ಟಿ ಹೇಗೆ ಇರುತ್ತೆ ಅಂತ. ಉತ್ತರ: ಹೊಸೆದಾಗ ನಾರುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಎಳೆದಷ್ಟೂ ಒತ್ತು ಜಾಸ್ತಿಯಾಗುತ್ತೆ. ಕಂಬಕ್ಕೆ ನಾಲ್ಕು ಸುತ್ತು ಹಗ್ಗ ಸುತ್ತಿದರೆ ಎತ್ತು ಎಳೆದರೂ ಜಾರಲ್ಲವಲ್ಲ, ಅದೇ ತತ್ವ. ಒಳ್ಳೆಯ ಉತ್ತರವೇ. ಆದರೆ ಅದರಲ್ಲಿ ಒಂದು ತೂತು ಇತ್ತು. ಆ ತೂತು ಮುಚ್ಚಲು ಮುನ್ನೂರು ವರ್ಷ ಬೇಕಾಯಿತು.

ತೂತು ಏನು ಅಂದರೆ – ನೂಲನ್ನು ಈರುಳ್ಳಿ ಥರ ಪದರ ಪದರವಾಗಿ ಕಲ್ಪಿಸಿಕೊಳ್ಳಿ. ನಡುವೆ ನೆಟ್ಟಗಿರುವ ಒಂದು ಎಳೆ, ಅದರ ಸುತ್ತ ಸ್ಕ್ರೂ ಥರ ಸುತ್ತಿಕೊಂಡ ಒಂದು ಪದರ, ಅದರ ಮೇಲೆ ಇನ್ನೊಂದು. ಹೊರಗಿನ ಪದರ ಒಳಗಿನದನ್ನು ಒತ್ತಿ ಹಿಡಿಯುತ್ತೆ, ಸರಿ. ತೀರಾ ಹೊರಗಿನ ಪದರವನ್ನು ಒತ್ತಿ ಹಿಡಿಯೋರು ಯಾರು? ಯಾರೂ ಇಲ್ಲ. ಅಂದಮೇಲೆ ಆ ಎಳೆಗಳ ತುದಿ ಜಾರಬೇಕು. ಅದು ಜಾರಿದರೆ ಅದು ಒತ್ತು ಕೊಡಲ್ಲ, ಆಗ ಅದರ ಕೆಳಗಿನ ಪದರವೇ ಹೊರಗಿನ ಪದರ ಆಯಿತು, ಅದೂ ಜಾರಬೇಕು. ಹೀಗೆ ಇಡೀ ನೂಲು ಬಿಚ್ಚಿಕೊಂಡು ಹೋಗಬೇಕು. ರಿಕರ್ಷನ್ ಬರೆದು ಬೇಸ್ ಕೇಸ್ ಬರೆಯೋದು ಮರೆತ ಹಾಗೆ. ಆದರೆ ನೂಲು ಹಾಗೆ ಬಿಚ್ಚಿಕೊಳ್ಳಲ್ಲ. ಹಾಗಾದರೆ ಈರುಳ್ಳಿ ಕಲ್ಪನೆಯಲ್ಲೇ ಏನೋ ಐಬಿದೆ.

ಯಂತ್ರ ಕಟ್ಟಿದವರು ಯಾರೂ ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. 1769ರಲ್ಲಿ ಆರ್ಕ್‌ರೈಟ್ ನೂಲುವ ಯಂತ್ರಕ್ಕೆ ಪೇಟೆಂಟ್ ತಗೊಂಡ, 1779ರಲ್ಲಿ ಕ್ರಾಂಪ್ಟನ್ ಮ್ಯೂಲ್ ಮಾಡಿದ, 1828ರಲ್ಲಿ ಅಮೆರಿಕಾದಲ್ಲಿ ಥಾರ್ಪ್ ರಿಂಗ್ ಸ್ಪಿನ್ನಿಂಗಿಗೆ ಪೇಟೆಂಟ್ ಪಡೆದ. (ಜಕಾರ್ಡ್ ಮಗ್ಗದ ತೂತಿನ ಕಾರ್ಡಿನಿಂದ ಕಂಪ್ಯೂಟರ್ ಹುಟ್ಟಿತು ಅನ್ನೋ ಕಥೆ ಎಲ್ಲಾ ಬ್ಲಾಗುಗಳಲ್ಲೂ ಬಂದು ಹೋಗಿದೆ, ಅದನ್ನ ಬಿಡಿ.) ಯಾಕೆ ಅಂತ ಗೊತ್ತಿಲ್ಲದೆಯೇ ಹೇಗೆ ಅನ್ನೋದನ್ನ ಪಳಗಿಸಿಕೊಂಡರು. ಜೊತೆಗೆ ಒಂದಷ್ಟು ಸೂತ್ರಗಳು ಹುಟ್ಟಿದವು.

ಅವುಗಳಲ್ಲಿ ಒಂದು ನನಗೆ ಬಹಳ ಇಷ್ಟ. ಹತ್ತಿ ನೂಲಿಗೆ ಕೌಂಟ್ ಅಂತ ಒಂದು ನಂಬರು ಇರುತ್ತೆ. 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಕ ಆಗುತ್ತೋ ಅದೇ ಕೌಂಟ್. 36 ಕೌಂಟ್ ಅಂದರೆ ಒಂದು ಪೌಂಡಿಗೆ 36 ಲಡಿ, ಅಂದರೆ 30,240 ಗಜ. ಅರ್ಧ ಕೆಜಿಗೂ ಕಮ್ಮಿ ಹತ್ತಿಯಿಂದ 27 ಕಿಲೋಮೀಟರಿಗೂ ಹೆಚ್ಚು ಉದ್ದದ ನೂಲು! ನಂಬರು ದೊಡ್ಡದಾದಷ್ಟೂ ನೂಲು ಸಣ್ಣ. ಈಗ ಎಷ್ಟು ಹುರಿ ಹಾಕಬೇಕು? ಕೌಂಟಿನ ವರ್ಗಮೂಲ ತಗೊಂಡು ಒಂದು ಅಂಕಿಯಿಂದ ಗುಣಿಸಿ. ಹಾಸಿನ ನೂಲಿಗೆ ಆ ಅಂಕಿ ಸುಮಾರು 4. ಹಾಗಾಗಿ 36 ಕೌಂಟಿಗೆ ಇಂಚಿಗೆ 24 ಸುತ್ತು, 100 ಕೌಂಟಿಗೆ 40 ಸುತ್ತು. ವರ್ಗಮೂಲ ಯಾಕೆ? ನೂಲಿನ ದಪ್ಪ ಕೌಂಟಿನ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತೆ. ಸಣ್ಣ ನೂಲಿನಲ್ಲೂ ಎಳೆಗಳು ಅದೇ ಕೋನದಲ್ಲಿ ಓರೆಯಾಗಬೇಕಾದರೆ ಆ ಪ್ರಮಾಣದಲ್ಲಿ ಹೆಚ್ಚು ಸುತ್ತಬೇಕು. ಇದನ್ನು 1828ರಲ್ಲಿ ಹೇಳಿದವನು ಕೋಶ್ಲಿನ್. ಫ್ರಾನ್ಸಿನ ಮುಲೂಸ್ ಪಟ್ಟಣದ ಬಟ್ಟೆ ವ್ಯಾಪಾರದ ಮನೆತನದ ಹೆಸರು ಅದು. ಅದೇ ಮುಲೂಸಿನ ಕೈಗಾರಿಕಾ ಸಂಘದ ಪತ್ರಿಕೆಯಲ್ಲಿ 1907ರಲ್ಲಿ ಗೆಗೋಫ್ ಎಂಬಾತ ಇನ್ನೊಂದು ಹೆಜ್ಜೆ ಇಟ್ಟು, ಎಳೆ ಓರೆಯಾದಷ್ಟೂ ಅದರ ಬಲದಲ್ಲಿ ಎಷ್ಟು ಪಾಲು ನೂಲಿಗೆ ಸಿಗುತ್ತೆ ಅಂತ ಲೆಕ್ಕ ಕೊಟ್ಟ: ಕೋನದ ಕೊಸೈನಿನ ವರ್ಗ. ಹುರಿ ಜಾಸ್ತಿಯಾದರೆ ನೂಲು ಮತ್ತೆ ಯಾಕೆ ದುರ್ಬಲ ಆಗುತ್ತೆ ಅನ್ನೋದಕ್ಕೆ ಅದು ಉತ್ತರ. ಇವತ್ತಿಗೂ ಮೊದಲ ಸೆಮಿಸ್ಟರಿನಲ್ಲಿ ಬೋರ್ಡಿನ ಮೇಲೆ ಬರುತ್ತೆ.

ಆ ಹೊತ್ತಿಗೆ ಕಾಲೇಜುಗಳು ಬಂದಿದ್ದವು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1874ರಲ್ಲಿ, ನಮ್ಮ ಮುಂಬೈಯಲ್ಲಿ 1887ರಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ (ಈಗಿನ ವಿ.ಜೆ.ಟಿ.ಐ). ಮಿಲ್ಲು ನಡೆಸಲು ಬೇಕಾದ ಮಾಸ್ತರುಗಳನ್ನು ತಯಾರು ಮಾಡೋದು ಅಲ್ಲಿನ ಕೆಲಸ. ಅದುವರೆಗೆ ಮುಂಬೈ ಮಿಲ್ಲುಗಳಿಗೆ ಮಾಸ್ತರುಗಳು ಲ್ಯಾಂಕಶೈರಿನಿಂದ ಹಡಗು ಹತ್ತಿ ಬರುತ್ತಿದ್ದರು. ಯಂತ್ರವೂ ಅಲ್ಲಿಂದಲೇ, ಅದನ್ನು ನಡೆಸೋ ಗುಟ್ಟೂ ಅಲ್ಲಿಂದಲೇ.

ನಿಜವಾದ “ಯಾಕೆ” ಶುರುವಾದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 1913ರಲ್ಲಿ ಬ್ರಿಟನ್ ಸುಮಾರು 700 ಕೋಟಿ ಗಜ ಹತ್ತಿ ಬಟ್ಟೆ ಹೊರಗೆ ಕಳಿಸಿತ್ತು, ಅದರಲ್ಲಿ ದೊಡ್ಡ ಪಾಲು ಭಾರತಕ್ಕೆ. ಯುದ್ಧದಲ್ಲಿ ಆ ಮಾರುಕಟ್ಟೆ ಅಲುಗಾಡಿತು, ಜಪಾನ್ ಒಳಗೆ ನುಗ್ಗಿತು. 1919ರಲ್ಲಿ ಮಿಲ್ಲುಗಳು ಸೇರಿ ಬ್ರಿಟಿಷ್ ಹತ್ತಿ ಉದ್ಯಮ ಸಂಶೋಧನಾ ಸಂಘ ಕಟ್ಟಿಕೊಂಡವು. ಅವರು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಕೊಂಡ ಬಂಗಲೆಯ ಹೆಸರು ‘ದಿ ಟವರ್ಸ್’. ಮ್ಯಾಂಚೆಸ್ಟರಿಗೆ ಹಡಗು ಕಾಲುವೆ ತೋಡಬೇಕು ಅಂತ 1882ರಲ್ಲಿ ಸಭೆ ಸೇರಿ ತೀರ್ಮಾನ ಮಾಡಿದ್ದು ಇದೇ ಮನೆಯಲ್ಲಿ. ದುಡ್ಡು ಕೊಟ್ಟ ಪಾರ್ಲಿಮೆಂಟ್ ಸದಸ್ಯ ಗ್ರೀನ್‌ವುಡ್ ತನ್ನ ಮಗಳ ಹೆಸರಿಡಿ ಅಂದದ್ದರಿಂದ ಅದು ಶರ್ಲಿ ಇನ್‌ಸ್ಟಿಟ್ಯೂಟ್ ಆಯಿತು. ಇವತ್ತಿಗೂ ವಸ್ತ್ರ ಲ್ಯಾಬುಗಳಲ್ಲಿ “ಶರ್ಲಿ ಟೆಸ್ಟರ್” ಅಂತ ಹುಡುಗರು ಹೇಳುತ್ತಾರಲ್ಲ, ಆ ಶರ್ಲಿ ಒಬ್ಬ ಸಾಹುಕಾರನ ಮಗಳು!

ಅಲ್ಲಿಗೆ ಆಸ್ಟ್ರೇಲಿಯಾದಿಂದ ಬಂದ ಒಬ್ಬ ಭೌತವಿಜ್ಞಾನಿ ಸೇರಿಕೊಂಡ. ಫ್ರೆಡರಿಕ್ ಥಾಮಸ್ ಪಿಯರ್ಸ್. ಎಂ.ಟೆಕ್ ಟೆಕ್ಸ್‌ಟೈಲ್ ಸಿಲಬಸ್ಸಿನ ತಳಪಾಯ ಹಾಕಿದ ಒಬ್ಬನನ್ನು ಹೆಸರಿಸಿ ಅಂದರೆ ನಾನು ಇವನ ಹೆಸರು ಹೇಳ್ತೇನೆ. 1926ರ ಅವನ ಪ್ರಬಂಧದ ವಿಷಯ ಸರಪಳಿಯ ದುರ್ಬಲ ಕೊಂಡಿ. ಒಂದು ಅಡಿ ನೂಲನ್ನು ಜಗ್ಗಿದರೆ ಒಂದು ಬಲಕ್ಕೆ ತುಂಡಾಗುತ್ತೆ. ಉದ್ದನೆಯ ನೂಲನ್ನು ಜಗ್ಗಿದರೆ ಕಮ್ಮಿ ಬಲಕ್ಕೇ ತುಂಡಾಗುತ್ತೆ. ಯಾಕೆಂದರೆ ಉದ್ದದಲ್ಲಿ ಎಲ್ಲೋ ಒಂದು ಕಡೆ ತೀರಾ ಸೊರಗಿದ ಜಾಗ ಸಿಕ್ಕೇ ಸಿಗುತ್ತೆ. ಮಿಲ್ಲಿನವರಿಗೆ ಇದು ಅನುಭವದಿಂದ ಗೊತ್ತಿತ್ತು. ಪಿಯರ್ಸ್ ಲೆಕ್ಕ ಕೊಟ್ಟ. ಉದಾಹರಣೆಗೆ ಒಂದು ಅಡಿ ತುಂಡುಗಳ ಸರಾಸರಿ ಬಲ 300 ಗ್ರಾಂ, ಏರುಪೇರು (ಸ್ಟ್ಯಾಂಡರ್ಡ್ ಡೀವಿಯೇಷನ್) 30 ಗ್ರಾಂ ಅಂತ ಇಟ್ಟುಕೊಳ್ಳಿ. 32 ಅಡಿ ಉದ್ದದ ನೂಲಿನ ಸರಾಸರಿ ಬಲ? ಅವನ ಸೂತ್ರದ ಪ್ರಕಾರ ಏರುಪೇರಿನ 2.1 ಪಟ್ಟು ಕಳೆಯಬೇಕು. 300ರಲ್ಲಿ 63 ಹೋದರೆ 237 ಗ್ರಾಂ. ಕುತೂಹಲಕ್ಕೆ ನಾನು ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ನಾರ್ಮಲ್ ಹಂಚಿಕೆಯಿಂದ 32 ಅಂಕಿ ಆರಿಸಿ ಚಿಕ್ಕದನ್ನು ತೆಗೆಯೋದನ್ನ ಲಕ್ಷ ಸಲ ಮಾಡಿಸಿ ನೋಡಿದೆ. ಹೆಚ್ಚುಕಮ್ಮಿ ಅಷ್ಟೇ ಬರುತ್ತೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಐದನೇ ಮೂಲದ ಒಂದು ಅಂದಾಜು ಸೂತ್ರದಿಂದ ಅಲ್ಲಿಗೆ ತಲುಪಿದ್ದ ಪುಣ್ಯಾತ್ಮ. ನೂರು ಸರ್ವರುಗಳಿಗೆ ರಿಕ್ವೆಸ್ಟ್ ಕಳಿಸಿ ಎಲ್ಲದರ ಉತ್ತರಕ್ಕೆ ಕಾಯಬೇಕಾದಾಗ ಯಾಕೆ ನಿಧಾನ ಆಗುತ್ತೆ ಅಂತ ನಮ್ಮ ಆಫೀಸುಗಳಲ್ಲಿ ಈಗ ತಲೆ ಚಚ್ಚಿಕೊಳ್ಳುತ್ತೇವಲ್ಲ, ಅದೂ ಇದೇ ಲೆಕ್ಕದ ಇನ್ನೊಂದು ಮಗ್ಗುಲು.

ಶರ್ಲಿಯಲ್ಲಿ ಇನ್ನೊಬ್ಬ ಇದ್ದ. ಎಲ್.ಎಚ್.ಸಿ. ಟಿಪ್ಪೆಟ್. ಸಂಖ್ಯಾಶಾಸ್ತ್ರ ಕಲಿತು ಬಾ ಅಂತ ಸಂಸ್ಥೆಯೇ ಅವನನ್ನು ಲಂಡನ್ನಿಗೆ ಕಳಿಸಿತ್ತು. 1927ರಲ್ಲಿ ಜನಗಣತಿ ವರದಿಗಳ ಅಂಕಿಗಳಿಂದ ಹೆಕ್ಕಿ 41,600 ಅಂಕಿಗಳ ಒಂದು ಪುಸ್ತಕ ಪ್ರಕಟಿಸಿದ: ರ‍್ಯಾಂಡಮ್ ನಂಬರುಗಳ ಪಟ್ಟಿ! ಪ್ರೋಗ್ರಾಮಿಂಗಿನಲ್ಲಿ ನಾವು ಒಂದು ಫಂಕ್ಷನ್ ಕರೆದು ಸುಮ್ಮನೆ ಪಡೆಯೋ ವಸ್ತುವಿಗೆ ಆಗ ಪುಸ್ತಕ ತೆರೆಯಬೇಕಿತ್ತು. 1928ರಲ್ಲಿ ಫಿಶರ್ ಜೊತೆ ಸೇರಿ ಅತಿ ದೊಡ್ಡದು, ಅತಿ ಚಿಕ್ಕದು ಇವುಗಳ ಹಂಚಿಕೆ ಮೂರೇ ಬಗೆಯಲ್ಲಿ ಇರಬಲ್ಲದು ಅಂತ ತೋರಿಸಿದ. ಅಣೆಕಟ್ಟು ಕಟ್ಟುವವರು ನೂರು ವರ್ಷದ ಪ್ರವಾಹ ಅಂದಾಜು ಮಾಡೋದಕ್ಕೆ ಇವತ್ತು ಬಳಸೋದು ಅದನ್ನೇ. 1935ರಲ್ಲಿ ಪ್ರಕಟವಾದ ಅವನ ಮತ್ತೊಂದು ಉಪಾಯ: ಮಗ್ಗಗಳು ದಿನದಲ್ಲಿ ಎಷ್ಟು ಹೊತ್ತು ನಿಂತಿರುತ್ತವೆ ಅಂತ ತಿಳಿಯಲು ಸ್ಟಾಪ್‌ವಾಚ್ ಹಿಡಿದು ಒಬ್ಬ ನೇಕಾರನ ಬೆನ್ನಿಗೆ ನಿಲ್ಲಬೇಡಿ. ಆಗಾಗ ಶೆಡ್ಡಿನಲ್ಲಿ ಒಂದು ಸುತ್ತು ಹೊಡೆದು, ಕಣ್ಣು ಹಾಯಿಸಿದ ಕ್ಷಣದಲ್ಲಿ ಯಾವ್ಯಾವುದು ನಿಂತಿತ್ತು ಅಂತ ಬರೆದುಕೊಳ್ಳಿ ಸಾಕು, ಉಳಿದದ್ದು ಲೆಕ್ಕ ಹೇಳುತ್ತೆ. ಪ್ರೊಫೈಲರ್ ಬಳಸಿದವರಿಗೆ ಈ ಉಪಾಯ ಚೆನ್ನಾಗಿ ಗೊತ್ತಿರುತ್ತೆ :)

ಈ ಸಂಭವನೀಯತೆಯ ದಾರಿಯಲ್ಲೇ 1945ರಲ್ಲಿ ಮಾರ್ಟಿಂಡೇಲ್ ಇನ್ನೊಂದು ಮಾತು ಹೇಳಿದ. ಎಳೆಗಳು ಎಲ್ಲೆಂದರಲ್ಲಿ ಬೀಳುವುದಾದರೆ ಎಂಥ ಯಂತ್ರ ತಂದರೂ ನೂಲಿನ ದಪ್ಪದ ಏರುಪೇರನ್ನು ಒಂದು ಮಿತಿಗಿಂತ ಇಳಿಸಲು ಆಗಲ್ಲ. ಅಡ್ಡಕ್ಕೆ ಕತ್ತರಿಸಿದಾಗ ಸರಾಸರಿ 100 ಎಳೆ ಸಿಗೋ ನೂಲಿಗೆ ಆ ಮಿತಿ ಸುಮಾರು ನೂರಕ್ಕೆ 10. ನಮ್ಮ 36 ಕೌಂಟಿನ ನೂಲು ಹೆಚ್ಚುಕಮ್ಮಿ ಅಂಥದ್ದೇ. ಕೆಲಸಗಾರನನ್ನು ಬೈದು ಪ್ರಯೋಜನವಿಲ್ಲ, ಅದು ಹತ್ತಿಯ ಹಣೆಬರಹ. ಎಲ್ಲಿಯವರೆಗೆ ಮಾಸ್ತರು ಬೈಯಬಹುದು, ಎಲ್ಲಿಂದಾಚೆ ಬಾಯಿ ಮುಚ್ಚಿಕೊಳ್ಳಬೇಕು ಅಂತ ಗೆರೆ ಎಳೆದ ಸೂತ್ರ ಅಂತ ನಾನು ಇದನ್ನ ಓದ್ತೇನೆ.

ಇದೆಲ್ಲ ಅಲ್ಲೆಲ್ಲೋ ಮ್ಯಾಂಚೆಸ್ಟರಿನ ಮಾತಾಯಿತು, ನಮಗೇನು ಅನ್ನಬೇಡಿ. 1924ರಲ್ಲಿ ಮುಂಬೈಯ ಮಾಟುಂಗಾದಲ್ಲಿ ಒಂದು ಪ್ರಯೋಗಾಲಯ ಶುರುವಾಯಿತು. ಕಟ್ಟಿಸಿದ್ದು ಇಂಡಿಯನ್ ಸೆಂಟ್ರಲ್ ಕಾಟನ್ ಕಮಿಟಿ, ಮೊದಲ ನಿರ್ದೇಶಕ ಎ. ಜೇಮ್ಸ್ ಟರ್ನರ್. (ಈಗ ಅದು ಐ.ಸಿ.ಎ.ಆರ್ ಕೈಕೆಳಗಿನ ಸಿರ್ಕಾಟ್.) ಹಿನ್ನೆಲೆ ಇಷ್ಟು: ಇಂಡಿಯಾದ ಹತ್ತಿ ಗಿಡ್ಡ, ಒರಟು, ಲ್ಯಾಂಕಶೈರಿಗೆ ಆಗಿಬರಲ್ಲ ಅಂತ ಹೆಸರಾಗಿತ್ತು. ಒಂದು ತಳಿ ಒಳ್ಳೆಯದೋ ಅಲ್ಲವೋ ಅಂತ ಹೇಳುತ್ತಿದ್ದವನು ದಲ್ಲಾಳಿ. ಹಿಡಿ ಅರಳೆ ತಗೊಂಡು ಬೆರಳಲ್ಲಿ ಎಳೆದು ನೋಡಿ, ದರ ಕೂಗೋದು. ಕೃಷಿ ಇಲಾಖೆಯವರು ವರ್ಷಗಟ್ಟಲೆ ಕೂತು ಹೊಸ ತಳಿ ಬೆಳೆಸಿದರೂ ಅದು ನೂಲಲು ನಿಜವಾಗಿ ಒಳ್ಳೆಯದು ಅನ್ನೋದಕ್ಕೆ ಪುರಾವೆ ಇರಲಿಲ್ಲ. ಪುರಾವೆ ಇಲ್ಲದಿದ್ದರೆ ದರ ಇಲ್ಲ, ದರ ಇಲ್ಲದಿದ್ದರೆ ರೈತ ಬೆಳೆಯಲ್ಲ.

ಮಾಟುಂಗಾದವರು ಸಣ್ಣ ಮಾದರಿ ತರಿಸಿಕೊಂಡು, ಎಳೆಗಳನ್ನು ಅಳೆದು, ಪುಟ್ಟ ಮಿಲ್ಲಿನಲ್ಲಿ ನೂತು, “ಈ ಹತ್ತಿಯಿಂದ ಹಾಸಿಗೆ ತಾಳುವಂಥ ನೂಲು ಇಷ್ಟು ಕೌಂಟಿನವರೆಗೆ ತೆಗೆಯಬಹುದು” ಅಂತ ಒಂದು ಅಂಕಿ ಕೊಡಲು ಶುರು ಮಾಡಿದರು. ದೇಶದ ಮೂಲೆಮೂಲೆಯ ತಳಿಗಳನ್ನು ‘ಸ್ಟ್ಯಾಂಡರ್ಡ್’ ಹತ್ತಿಗಳು ಅಂತ ಆರಿಸಿಕೊಂಡು ಪ್ರತಿ ವರ್ಷ ಪರೀಕ್ಷೆ. ಆ ಪಟ್ಟಿಯಲ್ಲಿ ‘ಧಾರವಾಡ 1’ ಇದೆ, ‘ಗದಗ 1’ ಇದೆ! ಧಾರವಾಡ 1 ಅನ್ನೋದು ನಮ್ಮ ನಾಟಿ ‘ಕುಮಟಾ’ ಹತ್ತಿಯಿಂದ ಆರಿಸಿ ತೆಗೆದದ್ದು. (ಕುಮಟಾದಲ್ಲಿ ಹತ್ತಿ ಎಲ್ಲಿ ಬೆಳೀತಾರೆ ಅಂತ ಉತ್ತರ ಕನ್ನಡದವರು ಕೇಳಬಹುದು. ಬೆಳೆಯೋದು ಧಾರವಾಡದ ಎರೆಭೂಮಿಯಲ್ಲಿ, ಘಟ್ಟ ಇಳಿಸಿ ಹಡಗು ಹತ್ತಿಸುತ್ತಿದ್ದದ್ದು ಕುಮಟಾ ಬಂದರಿನಲ್ಲಿ. ಬಂದರಿನ ಹೆಸರೇ ಹತ್ತಿಗೆ ಬಿತ್ತು.) ಗದಗ 1 ಮಾತ್ರ ಧಾರವಾಡ-ಅಮೆರಿಕನ್ ಅಂತ ಕರೆಯುತ್ತಿದ್ದ, ಹೊರಗಿನಿಂದ ಬಂದು ಇಲ್ಲಿಗೆ ಒಗ್ಗಿಕೊಂಡ ಹತ್ತಿಯಿಂದ ಬಂದದ್ದು.

ಹೀಗೆ ಕೂಡಿಬಿದ್ದ ಅಂಕಿಗಳಿಂದ ಟರ್ನರ್ ದೊಡ್ಡ ಪ್ರಶ್ನೆಗೆ ಕೈ ಹಾಕಿದ. ನೂಲದೆಯೇ, ಬರೀ ಎಳೆಯ ಉದ್ದ, ಅದರ ಸಣ್ಣತನ ನೋಡಿ ನೂಲು ಹೇಗಿರುತ್ತೆ ಅಂತ ಹೇಳಬಹುದಾ? 1928ರಲ್ಲಿ ನೂಲಿನ ಬಲದ ತಳಹದಿ ಏನು ಅಂತ ಪ್ರಬಂಧ ಬರೆದ. ಅವನ ನಂತರ ನಿರ್ದೇಶಕರಾದ ನಜೀರ್ ಅಹ್ಮದ್ ಈ ಕೆಲಸ ಮುಂದುವರೆಸಿದರು. ಯೋಚನೆ ಮಾಡಿ, ಗದಗಿನ ರೈತನ ಅರಳೆ ಜಾಗತಿಕ ಮಟ್ಟದ ಒಂದು ಶುದ್ಧ ವೈಜ್ಞಾನಿಕ ಪ್ರಶ್ನೆಗೆ ದತ್ತಾಂಶ ಆಗಿತ್ತು. ಎಂ.ಟೆಕ್‌ನಲ್ಲಿ ಎಳೆಯ ಗುಣದಿಂದ ನೂಲಿನ ಗುಣ ಊಹಿಸುವುದು ಅಂತ ಒಂದು ಅಧ್ಯಾಯ ಇರುತ್ತೆ. ಈಗ ಅದಕ್ಕೆ ನ್ಯೂರಲ್ ನೆಟ್‌ವರ್ಕ್ ಹಾಕ್ತಾರೆ. ಮಾಟುಂಗಾದಲ್ಲಿ ಅದನ್ನು ಕೈಯಲ್ಲಿ ಲೆಕ್ಕ ಹಾಕಿ ಮಾಡುತ್ತಿದ್ದರು. ಮುಂದೆ 1972ರಲ್ಲಿ ಧಾರವಾಡದಲ್ಲಿ ಕಟರ್ಕಿಯವರು ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಕೊಟ್ಟಾಗ ಅದು ಉದ್ದ ಎಳೆಯ ಹತ್ತಿ ಅಂತ ಹೆಸರಾದದ್ದೂ ಬೆರಳ ಅಂದಾಜಿನಿಂದಲ್ಲ, ಅಳತೆಯಿಂದ.

ಆದರೆ ಗೆಲಿಲಿಯೋನ ತೂತು ಇನ್ನೂ ಹಾಗೇ ಇತ್ತು. ಅದನ್ನು ಮುಚ್ಚಿದ್ದು 1952ರಲ್ಲಿ, ಮ್ಯಾಂಚೆಸ್ಟರಿನ ಪ್ರೊಫೆಸರ್ ಮಾರ್ಟನ್ ಮತ್ತು ಯೆನ್. ನೂಲಿನ ಒಳಗೆ ಒಂದು ಎಳೆ ಯಾವ ದಾರಿ ಹಿಡಿದು ಹೋಗುತ್ತೆ ಅಂತ ಕಣ್ಣಾರೆ ನೋಡಬೇಕು. ನೂರಾರು ಎಳೆಗಳ ಮಧ್ಯೆ ಒಂದನ್ನು ಹೇಗೆ ನೋಡೋದು? ಅವರು ರೇಯಾನ್ ಎಳೆಗಳ ಜೊತೆ ಬಣ್ಣ ಹಾಕಿದ ಕೆಲವೇ ಎಳೆಗಳನ್ನು ಬೆರೆಸಿ ನೂತರು. ಆ ನೂಲನ್ನು ಮೀಥೈಲ್ ಸ್ಯಾಲಿಸಿಲೇಟ್ ಅನ್ನೋ ದ್ರವದಲ್ಲಿ ಮುಳುಗಿಸಿದರು. ತಲೆನೋವಿನ ಬಾಮಿನಲ್ಲಿ ಮೂಗಿಗೆ ಹೊಡೆಯುವ ವಾಸನೆ ಇದೆಯಲ್ಲ, ಅದೇ ಎಣ್ಣೆ. ಬೆಳಕು ಆ ಎಣ್ಣೆಯಲ್ಲೂ ರೇಯಾನಿನಲ್ಲೂ ಹೆಚ್ಚುಕಮ್ಮಿ ಒಂದೇ ರೀತಿ ಬಾಗುತ್ತೆ. ಹಾಗಾಗಿ ಮುಳುಗಿಸಿದ ಕೂಡಲೇ ಬಣ್ಣವಿಲ್ಲದ ಎಳೆಗಳೆಲ್ಲ ಮಾಯ! ಬಣ್ಣದ ಎಳೆ ಒಂದೇ ಗಾಳಿಯಲ್ಲಿ ತೇಲಿದ ಹಾಗೆ ಮೈಕ್ರೊಸ್ಕೋಪಿನಲ್ಲಿ ಕಾಣುತ್ತೆ.

ಕಂಡದ್ದೇನು? ಆ ಎಳೆ ಒಂದೇ ಪದರದಲ್ಲಿ ಸುತ್ತುತ್ತಾ ಇರಲಿಲ್ಲ. ಸ್ವಲ್ಪ ದೂರ ಹೊರಗಡೆ, ಆಮೇಲೆ ಒಳಗೆ ನುಸುಳಿ ನಡುಮಧ್ಯಕ್ಕೆ, ಮತ್ತೆ ಹೊರಗೆ. ವಲಸೆ ಹೋಗುತ್ತೆ. ಈರುಳ್ಳಿ ಪದರಗಳೇ ಇಲ್ಲ. ಪ್ರತಿ ಎಳೆಯೂ ತನ್ನ ಉದ್ದದಲ್ಲಿ ಎಲ್ಲೋ ಒಂದು ಕಡೆ ಬೇರೆಯವರ ಒತ್ತಿಗೆ ಸಿಕ್ಕಿಹಾಕಿಕೊಂಡಿರುತ್ತೆ, ಇನ್ನೊಂದು ಕಡೆ ತಾನು ಬೇರೆಯವರನ್ನು ಒತ್ತಿ ಹಿಡಿದಿರುತ್ತೆ. ಅದಕ್ಕೇ ಹೊರಗಿನ ಪದರ ಜಾರಲ್ಲ. “ಹೊರಗಿನವರು” ಅಂತ ಖಾಯಂ ಆಗಿ ಯಾರೂ ಇಲ್ಲ.

ಯಾಕೆ ವಲಸೆ ಹೋಗುತ್ತೆ ಅನ್ನೋದಕ್ಕೆ ಮಾರ್ಟನ್ ಕೊಟ್ಟ ಕಾರಣವೂ ಸರಳ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಗರ್ಭಗುಡಿಗೆ ಒತ್ತಿಕೊಂಡು ನಡೆಯೋರಿಗೆ ದಾರಿ ಕಮ್ಮಿ, ಹೊರ ಅಂಚಿನವರಿಗೆ ಜಾಸ್ತಿ. ಎಲ್ಲರೂ ಕೈ ಹಿಡಿದುಕೊಂಡು ಒಟ್ಟಿಗೆ ಮುಂದೆ ಸಾಗಲೇಬೇಕು ಅಂದರೆ ಹೊರಗಿನವರ ಕೈ ಜಗ್ಗುತ್ತೆ, ಅವರು ಒಳಗೆ ನುಗ್ಗಲು ನೋಡ್ತಾರೆ, ಒಳಗೆ ಸಡಿಲಾಗಿ ನಡೆಯುತ್ತಿದ್ದವರು ಹೊರಗೆ ತಳ್ಳಿಸಿಕೊಳ್ತಾರೆ. ಹುರಿ ಬೀಳೋ ಜಾಗದಲ್ಲಿ ಎಳೆಗಳೂ ಹಾಗೇ ಮಾಡುತ್ತವೆ. ನೂಲುವವರು ಯಾರೂ ಬೇಕಂತ ಮಾಡಿದ್ದಲ್ಲ. ಬತ್ತಿ ಹೊಸೆಯುವಾಗ, ಕದಿರು ತಿರುಗುವಾಗ ತಾನಾಗೇ ಆಗುತ್ತಿದ್ದದ್ದು.

ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. 1967ರಲ್ಲಿ ಜೆಕೊಸ್ಲೊವಾಕಿಯಾದವರು ಬಿ.ಡಿ. 200 ಅನ್ನೋ ಓಪನ್-ಎಂಡ್ ಯಂತ್ರ ಹೊರತಂದರು. ರಿಂಗ್ ಯಂತ್ರಕ್ಕಿಂತ ಬಹಳ ವೇಗ. ಆದರೆ ಅದರ ನೂಲು ಅಷ್ಟು ಬಲ ಇಲ್ಲ. ಅದರಲ್ಲಿ ಎಳೆಗಳ ಮೇಲೆ ಎಳೆತ ಕಮ್ಮಿ, ಹಾಗಾಗಿ ವಲಸೆ ಕಮ್ಮಿ. ನಡುವಿನ ಎಳೆಗಳ ಸುತ್ತ ಕೆಲವು ಎಳೆ ಬರೀ ಪಟ್ಟಿ ಸುತ್ತಿದ ಹಾಗೆ ಕೂತಿರುತ್ತವೆ. ಕಾರಣ ಗೊತ್ತಿದ್ದದ್ದರಿಂದ ಯಾವುದಕ್ಕೆ ಅದನ್ನು ಬಳಸಬಹುದು ಅನ್ನೋದೂ ಸ್ಪಷ್ಟವಾಯಿತು. ನಿಮ್ಮ ಜೀನ್ಸ್ ಪ್ಯಾಂಟಿನಲ್ಲಿ ಆ ಬಗೆಯ ನೂಲು ಇರೋ ಸಾಧ್ಯತೆ ಸಾಕಷ್ಟಿದೆ.

ಬಟ್ಟೆಯ ಕಡೆಗೂ ಒಂದು ಮಾತು, ಬೇಗ ಮುಗಿಸ್ತೇನೆ. ಸೀರೆ ಅಂಗಡಿಯಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಸೆರಗು ಉಜ್ಜಿ ನೋಡಿ “ಊಹೂಂ, ಬೇಡ” ಅಂತ ಎದ್ದು ಹೋಗೋರಿದ್ದಾರಲ್ಲ, ಆ ಬೆರಳ ಜ್ಞಾನವನ್ನು ಅಂಕಿಗೆ ಇಳಿಸಲು 1930ರಲ್ಲಿ ಹೊರಟವನು ಅದೇ ಪಿಯರ್ಸ್. ಬಟ್ಟೆಯ ಪಟ್ಟಿಯನ್ನು ಮೇಜಿನ ಅಂಚಿನಿಂದ ಮುಂದಕ್ಕೆ ತಳ್ಳುತ್ತಾ ಹೋಗಿ. ತನ್ನ ಭಾರಕ್ಕೆ ತಾನೇ ಬಾಗಿ ಅದರ ತುದಿ 41.5 ಡಿಗ್ರಿ ಇಳಿಜಾರನ್ನು ಮುಟ್ಟಿದಾಗ ಚಾಚಿದ ಉದ್ದದ ಸುಮಾರು ಅರ್ಧ ಆ ಬಟ್ಟೆಯ ‘ಬಾಗು ಉದ್ದ’. ಅಷ್ಟೇ ಪರೀಕ್ಷೆ. 1937ರಲ್ಲಿ ಹಾಸು ಹೊಕ್ಕು ಒಂದರ ಮೇಲೊಂದು ಹಾಯುವ ಜ್ಯಾಮಿತಿ ಬರೆದ: 11 ಅಜ್ಞಾತಗಳು, 7 ಸಮೀಕರಣಗಳು, ಯಾವುದಾದರೂ ನಾಲ್ಕು ಅಳೆದುಕೊಟ್ಟರೆ ಉಳಿದದ್ದು ಸಿಗುತ್ತೆ. ಬಟ್ಟೆಯ ಒಂದು ದಿಕ್ಕು ಹಿಗ್ಗಿಸಿದರೆ ಇನ್ನೊಂದು ದಿಕ್ಕು ಯಾಕೆ ಕುಗ್ಗುತ್ತೆ ಅಂತ ಅದು ಹೇಳುತ್ತೆ. ಎಂ.ಟೆಕ್ ಹುಡುಗರು ಇದನ್ನು ಬೈಯುತ್ತಾ ಬಿಡಿಸ್ತಾರೆ.

ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಅಹಮದಾಬಾದಿನ ಮಿಲ್ಲುಗಳಿಗಾಗಿ ಅಟಿರಾ ಸಂಶೋಧನಾ ಸಂಸ್ಥೆ ಹುಟ್ಟಿತು. ಕಟ್ಟಿ ನಡೆಸಿದವರು ಕಾಸ್ಮಿಕ್ ಕಿರಣಗಳ ಮೇಲೆ ಪಿಎಚ್‌ಡಿ ಮಾಡಿ ಬಂದಿದ್ದ 28ರ ಹುಡುಗ ವಿಕ್ರಂ ಸಾರಾಭಾಯಿ. ರಾಕೆಟ್ಟಿಗೆ ಮೊದಲು ಅವರು ನೂಲು ನೋಡಿಕೊಂಡಿದ್ದರು. ಮುಂಬೈ, ಕೊಯಮತ್ತೂರಿನಲ್ಲೂ ಅಂಥವೇ ಬಂದವು. 1960ರ ದಶಕದ ಮೊದಲಲ್ಲಿ ಬ್ರಿಟಿಷರ ನೆರವಿನಿಂದ ದೆಹಲಿ ಐಐಟಿಯಾಗಿ ಬೆಳೆದ ಕಾಲೇಜಿನಲ್ಲಿ ವಸ್ತ್ರ ವಿಭಾಗ ಶುರುವಿನಿಂದಲೇ ಇತ್ತು. 1962ರಲ್ಲಿ ಮಾರ್ಟನ್ ಮತ್ತು ಹರ್ಲ್ ಬರೆದ ಎಳೆಗಳ ಭೌತಗುಣಗಳ ಪುಸ್ತಕ, 1969ರಲ್ಲಿ ಹರ್ಲ್, ಗ್ರಾಸ್‌ಬರ್ಗ್, ಬ್ಯಾಕರ್ ಬರೆದ ನೂಲು-ಬಟ್ಟೆಗಳ ರಚನೆಯ ಪುಸ್ತಕ, ಇವೆರಡರಲ್ಲಿ ಈ ಕಥೆಯೆಲ್ಲ ಅಧ್ಯಾಯಗಳಾಗಿ ಕೂತುಬಿಟ್ಟಿತು. ರೂಂಮೇಟಿನ ಮೇಜಿನ ಮೇಲಿದ್ದ ದಪ್ಪ ಪುಸ್ತಕಗಳು ಇವೇ.

ಆದರೆ ಈ ಜ್ಞಾನ ಪಕ್ವ ಆಗೋ ಹೊತ್ತಿಗೆ ಅದಕ್ಕೆ ದುಡ್ಡು ಹಾಕಿದ ಮಿಲ್ಲುಗಳು ಮುಳುಗುತ್ತಿದ್ದವು. 1950ರ ದಶಕದ ಕೊನೆಗೆ ಬ್ರಿಟನ್ ಕಳಿಸುವುದಕ್ಕಿಂತ ತರಿಸಿಕೊಳ್ಳುವ ಹತ್ತಿ ಬಟ್ಟೆಯೇ ಜಾಸ್ತಿಯಾಯಿತು. ಅದರಲ್ಲಿ ಇಂಡಿಯಾದ ಬಟ್ಟೆಯೂ ಇತ್ತು. ಮುಂಬೈಯಲ್ಲಿ 1982ರ ಜನವರಿ 18ಕ್ಕೆ ಶುರುವಾದ ದತ್ತಾ ಸಾಮಂತರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು, ಬಹಳ ಜನ ವಾಪಸ್ ಹೋಗಲೇ ಇಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ದಾವಣಗೆರೆಯ ಮಿಲ್ಲುಗಳು, ಬೆಂಗಳೂರಿನ ಬಿನ್ನಿ, ಮಿನರ್ವ ಒಂದೊಂದಾಗಿ ಮುಚ್ಚಿದವು. ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಬೀದಿಗಳಲ್ಲಿ ಈಗ ಅಪಾರ್ಟ್‌ಮೆಂಟು, ಮಾಲು. ನೂಲುವ ಕೆಲಸ ನಿಂತಿಲ್ಲ, ತಮಿಳುನಾಡಿನ, ಗುಜರಾತಿನ ಹೊಸ ಮಿಲ್ಲುಗಳಿಗೆ ಹೋಗಿದೆ. ಆದರೆ ಒಂದು ತಲೆಮಾರಿಗೆ “ಟೆಕ್ಸ್‌ಟೈಲ್ ಅಂದರೆ ಮುಚ್ಚಿಹೋಗೋ ಕೆಲಸ” ಅನ್ನೋದು ತಲೆಗೆ ಕೂತುಬಿಟ್ಟಿತು. ಸಿಇಟಿ ಕೌನ್ಸೆಲಿಂಗಿನಲ್ಲಿ ಬೇರೇನೂ ಸಿಗದಿದ್ದರೆ ಅಂತ ತಗೊಳ್ಳೋ ಸೀಟು. ಆ ಸೀಟು ತಗೊಂಡ ಎಷ್ಟೋ ಜನ ಕೊನೆಗೆ ಸಾಫ್ಟ್‌ವೇರಿಗೇ ಬಂದರು, ನನ್ನ ಟೀಮಿನಲ್ಲೇ ಇಬ್ಬರಿದ್ದಾರೆ. ಪಿಯರ್ಸ್‌ನ ಸೂತ್ರ ಕೇಳಿದರೆ ಇಬ್ಬರಿಗೂ ಬಾಯಿಪಾಠ!

ಪ್ರಶ್ನೆ ಮಾತ್ರ ಪೂರ್ತಿ ಮುಗಿದಿಲ್ಲ. ವಲಸೆ ಇದ್ದರೆ ಹಿಡಿತ ಇರುತ್ತೆ ಅಂತ ಗೊತ್ತಾಯಿತು. ಎಷ್ಟು ಘರ್ಷಣೆ, ಎಷ್ಟು ಸಿಕ್ಕು ಇದ್ದರೆ ಸಾಕು? ಕಮ್ಮಿ ಘರ್ಷಣೆ ಇರುವ ಎಳೆಗಳಾದರೆ ಏನು? 2018ರಲ್ಲಿ ವಾರೆನ್, ಬಾಲ್, ಗೋಲ್ಡ್‌ಸ್ಟೈನ್ ಅನ್ನೋ ಮೂವರು ಭೌತವಿಜ್ಞಾನಿಗಳು ಗೆಲಿಲಿಯೋನ ಪ್ರಶ್ನೆಯನ್ನೇ ಎತ್ತಿಕೊಂಡು ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಬರೆದರು. ಬಟ್ಟೆ ಯಾಕೆ ಉದುರಿಹೋಗಲ್ಲ ಅನ್ನೋದೇ ತಲೆಬರಹ. ಅವರ ಲೆಕ್ಕದಲ್ಲಿ ಘರ್ಷಣೆ ಮತ್ತು ಎಳೆಗಳ ಪರಸ್ಪರ ಸಂಪರ್ಕ ಒಂದು ಗಡಿ ದಾಟಿದ ಕೂಡಲೇ ನೂಲಿನ ಹಿಡಿತ ಏಕಾಏಕಿ ಹುಟ್ಟಿಕೊಳ್ಳುತ್ತೆ. ನೀರು ಮಂಜುಗಡ್ಡೆ ಆಗೋ ಹಾಗೆ ಅದೊಂದು ಸ್ಥಿತಿ ಬದಲಾವಣೆ. ಗಡಿ ದಾಟಿದ ಮೇಲೆ ತತ್ವದ ಪ್ರಕಾರ ಎಷ್ಟು ಜಗ್ಗಿದರೂ ಎಳೆಗಳು ಜಾರಲ್ಲ, ಕಡಿದರೆ ಎಳೆಯೇ ಕಡಿಯಬೇಕು. ಅಂದ ಹಾಗೆ, ಮೂವರಲ್ಲಿ ಮೊದಲ ಹೆಸರಿನ ವಾರೆನ್ ಆಗ ಇದ್ದದ್ದು ಯಾವ ಮಿಲ್ಲಿನಲ್ಲೂ ಅಲ್ಲ, ವಸ್ತ್ರ ಕಾಲೇಜಿನಲ್ಲೂ ಅಲ್ಲ. ಯೂನಿಲಿವರ್‌ನಲ್ಲಿ, ಬಟ್ಟೆ ಒಗೆಯೋ ಪುಡಿ ಮಾರುವ ಕಂಪನಿಯಲ್ಲಿ.